ಒತ್ತೆಯಿಂದ ಬಿಡಿಸಿ ತಂದ ಒಲವು: ‘ರಿಡೀಮಿಂಗ್ ಲವ್’ ಕಾದಂಬರಿಯನ್ನು ಕುರಿತು ಕೆಲವು ಆಕ್ಷೇಪಗಳು

ಧರ್ಮಶ್ರದ್ಧೆಯೂ ಪ್ರಣಯವೂ ಒಂದೇ ಕಥನದೊಳಗೆ ಕೂಡಿಬಂದಾಗ ಏನಾಗುತ್ತದೆ ಎಂಬುದು ಕನ್ನಡದ ಓದುಗರಿಗೆ ಹೊಸ ಪ್ರಶ್ನೆಯೇನಲ್ಲ. ಶರಣಸತಿ ಲಿಂಗಪತಿ ಭಾವವನ್ನು ತರಗತಿಗಳಲ್ಲಿ ಪಾಠ ಮಾಡುವ ನಾವು, ದೇವರನ್ನು ಗಂಡನೆಂದು ಕರೆಯುವ ರೂಪಕದ ಸಾಧ್ಯತೆಗಳನ್ನೂ ಇಕ್ಕಟ್ಟುಗಳನ್ನೂ ಸಾಕಷ್ಟು ಚರ್ಚಿಸಿದ್ದೇವೆ. ಆದರೆ ಅದೇ ರೂಪಕವನ್ನು ತಿರುವುಮುರುವು ಮಾಡಿ, ದೇವರ ಜಾಗದಲ್ಲಿ ಗಂಡನನ್ನು ತಂದು ನಿಲ್ಲಿಸುವ ಕಥನಗಳನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಇಂಗ್ಲಿಷಿನಲ್ಲಿ, ಅದರಲ್ಲೂ ಅಮೆರಿಕದ ಇವ್ಯಾಂಜಲಿಕಲ್ ಕ್ರೈಸ್ತ ಓದುಗ ಸಮುದಾಯದಲ್ಲಿ, ಇಂಥ ಕಥನಗಳದ್ದೇ ಒಂದು ಬೃಹತ್ ಪ್ರಕಾರವಿದೆ. ಅದರ ಅತ್ಯಂತ ಹೆಸರುವಾಸಿಯಾದ ಕೃತಿ ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’. ೧೯೯೧ರಲ್ಲಿ ಮೊದಲು ಪ್ರಕಟವಾದ ಈ ಕಾದಂಬರಿ ಲಕ್ಷಾಂತರ ಪ್ರತಿ ಮಾರಾಟವಾಗಿದೆ. ೨೦೨೨ರಲ್ಲಿ ಚಲನಚಿತ್ರವಾಗಿಯೂ ಬಂದಿದೆ. ಪ್ರಸ್ತುತ ಬರಹ ಈ ಒಂದು ಕೃತಿಯನ್ನು ಕುರಿತದ್ದು.

ಕನ್ನಡದ ಜನಪ್ರಿಯ ಕಾದಂಬರಿಗಳಲ್ಲಿ ದಾಂಪತ್ಯದ ಚಿತ್ರಣ ನನ್ನ ಸಂಶೋಧನೆಯ ವಿಷಯ. ಈ ಪುಸ್ತಕದ ಬಗ್ಗೆ ಬರೆಯಬೇಕೆಂದಾಗ ನನ್ನ ಮಾರ್ಗದರ್ಶಕರು, “ಇದನ್ನು ಇಂಗ್ಲಿಷ್ ವಿಭಾಗದವರಿಗೆ ಬಿಡಬಾರದೇನಮ್ಮ?” ಎಂದು ಕೇಳಿದ್ದುಂಟು. ಬಿಡಬಹುದಾಗಿತ್ತು. ಆದರೆ ಪುಸ್ತಕ ನನ್ನ ಕೈಗೆ ಬಂದದ್ದು ಯಾವ ವಿಭಾಗದಿಂದಲೂ ಅಲ್ಲ. ವಿದ್ಯಾರ್ಥಿನಿಲಯದಲ್ಲಿ ಪಕ್ಕದ ಕೋಣೆಯಲ್ಲಿದ್ದ ಸಂಶೋಧಕಿಯೊಬ್ಬರಿಂದ. ಅವರ ಮಾತೃಭಾಷೆ ಕನ್ನಡ, ಪ್ರಾರ್ಥನೆಯ ಭಾಷೆ ಕನ್ನಡ, ಭಾನುವಾರ ಓದುವ ಸತ್ಯವೇದ ಕನ್ನಡದ್ದು. ಈ ಕಾದಂಬರಿಯನ್ನು ಅವರು ನಾಲ್ಕು ಬಾರಿ ಓದಿದ್ದರು. ಜೀವನದ ಒಂದು ಕೆಟ್ಟ ಕಾಲದಲ್ಲಿ ಅದು ತಮ್ಮನ್ನು ಹಿಡಿದು ನಿಲ್ಲಿಸಿತೆಂದು ಹೇಳಿ ನನ್ನ ಕೈಗಿತ್ತರು. ನಾನು ಓದಿ ಮುಗಿಸಿದ ಮೇಲೆ ನಮ್ಮಿಬ್ಬರ ನಡುವೆ ನಡೆದ ವಾಗ್ವಾದ ಇನ್ನೂ ಮುಗಿದಿಲ್ಲ. ಈ ಬರಹವನ್ನು ಅದರ ಮುಂದುವರಿಕೆಯೆಂದರೂ ಸರಿಯೆ.

ಮೊದಲು ಪ್ರಕಾರದ ಬಗ್ಗೆ ಎರಡು ಮಾತು. ಕ್ರೈಸ್ತ ಪ್ರಣಯ ಕಾದಂಬರಿಯ ಇಂದಿನ ಮಾರುಕಟ್ಟೆ ರೂಪುಗೊಂಡದ್ದು ಕೆನಡಾದ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ (೧೯೭೯) ಕಾದಂಬರಿಯ ಯಶಸ್ಸಿನಿಂದ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇಲ್ಲಿ ಪ್ರಣಯದ ತ್ರಿಕೋನದಲ್ಲಿ ಮೂರನೆಯ ಕೋನ ದೇವರದ್ದು. ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಸೇರುವ ಮೊದಲು ಅಥವಾ ಸೇರುವುದರ ಜೊತೆಗೇ ದೇವರನ್ನು ಸೇರಬೇಕು. ಇದು ಪ್ರಕಾರದ ಅಲಿಖಿತ ಕರಾರು. ಬೈಗುಳ ಇರಬಾರದು, ಮಲಗುವ ಕೋಣೆಯ ವಿವರಗಳಿರಬಾರದು ಎಂಬುದು ಇನ್ನೊಂದು ಕರಾರು. ರಿವರ್ಸ್ ಅವರು ಈ ಲೋಕಕ್ಕೆ ಹೊರಗಿನಿಂದ ಬಂದವರು. ಮೊದಲು ಲೌಕಿಕ ಪ್ರಣಯ ಕಾದಂಬರಿಗಳನ್ನು ಬರೆಯುತ್ತಿದ್ದು, ೧೯೮೬ರಲ್ಲಿ ತಮಗೆ ಹೊಸ ಹುಟ್ಟಾಯಿತೆಂದು ಹೇಳಿಕೊಂಡವರು. ಆ ಬಳಿಕ ಅವರು ಬರೆದ ಮೊದಲ ಕಾದಂಬರಿ ಇದು. ೧೯೯೧ರ ಆವೃತ್ತಿಯನ್ನು ಹೊರತಂದದ್ದು ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನ ಸಂಸ್ಥೆ. ೧೯೯೭ರಲ್ಲಿ ಮಲ್ಟ್‌ನೋಮಾ ಎಂಬ ಕ್ರೈಸ್ತ ಪ್ರಕಾಶನ ಅದರ ಪರಿಷ್ಕೃತ ಆವೃತ್ತಿಯನ್ನು ತಂದಿತು. ಇಂದು ಎಲ್ಲರೂ ಓದುವುದು ಈ ಎರಡನೆಯದನ್ನು. ಪರಿಷ್ಕರಣವೆಂದರೆ ಮುಖ್ಯವಾಗಿ ಭಾಷೆಯನ್ನು ತೊಳೆದದ್ದು, ಶೃಂಗಾರದ ಸನ್ನಿವೇಶಗಳನ್ನು ತಗ್ಗಿಸಿದ್ದು. ಎಂಟು ವರ್ಷದ ಬಾಲಕಿಯನ್ನು ವೇಶ್ಯಾವೃತ್ತಿಗೆ ಮಾರುವ ಪ್ರಸಂಗಕ್ಕೆ ಮಾತ್ರ ಅಲ್ಲಿ ಜಾಗ ಉಳಿಯಿತು. ಕೆಟ್ಟ ಮಾತನ್ನು ಸಹಿಸಲಾರದ ಮಡಿವಂತಿಕೆ ಕೆಟ್ಟ ಕೃತ್ಯವನ್ನು ಸಹಿಸಬಲ್ಲುದು ಎಂಬುದು ನಮಗೆ ಅಪರಿಚಿತ ಸಂಗತಿಯಲ್ಲ, ಅ.ನ.ಕೃ. ಅವರ ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಎಬ್ಬಿಸಿದ ಗದ್ದಲವನ್ನು ಬಲ್ಲವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಕಥೆ ಹೀಗಿದೆ. ೧೮೩೫ರ ನ್ಯೂ ಇಂಗ್ಲೆಂಡ್. ಶ್ರೀಮಂತನೊಬ್ಬ ಇಟ್ಟುಕೊಂಡ ಹೆಣ್ಣಿನ ಮಗಳು ಸಾರಾ. ತಂದೆಗೆ ಬೇಡವಾದ ಕೂಸು. ತಾಯಿ ತೊರೆಯಲ್ಪಟ್ಟು, ಬಡತನದಲ್ಲಿ ಸತ್ತ ಬಳಿಕ ಬಾಲಕಿ ಡ್ಯೂಕ್ ಎಂಬುವನ ಕೈಗೆ ಮಾರಾಟವಾಗುತ್ತಾಳೆ. ಹೆಸರು ಏಂಜಲ್ ಎಂದಾಗುತ್ತದೆ. ೧೮೫೦ರ ಹೊತ್ತಿಗೆ ಆಕೆ ಅವನಿಂದ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯದ ಚಿನ್ನದ ಗಣಿಯೂರೊಂದರ ವೇಶ್ಯಾಗೃಹದಲ್ಲಿದ್ದಾಳೆ. ಹೊಲಗದ್ದೆ ಮಾಡಿಕೊಂಡಿರುವ ಮೈಕೇಲ್ ಹೋಶೇಯ ಎಂಬ ದೈವಭಕ್ತ ಅವಳನ್ನು ಬೀದಿಯಲ್ಲಿ ನೋಡಿದ ಕೂಡಲೇ ‘ಇವಳೇ ನಿನ್ನ ಹೆಂಡತಿ’ ಎಂಬ ದೇವರ ಅಪ್ಪಣೆ ಅವನ ಕಿವಿಗೆ ಬೀಳುತ್ತದೆ. ಹಲವು ರಾತ್ರಿ ಗಿರಾಕಿಯ ಸಾಲಿನಲ್ಲಿ ನಿಂತು, ಹಣ ತೆತ್ತು, ಅವಳ ಮುಂದೆ ಕೂತು ಮದುವೆಯ ಮಾತಾಡುತ್ತಾನೆ. ಅವಳು ಒಪ್ಪುವುದಿಲ್ಲ. ಕಡೆಗೆ ಆ ಮನೆಯ ಕಾವಲುಗಾರನಿಂದ ಸಾಯುವಂತೆ ಹೊಡೆತ ತಿಂದು ಬಿದ್ದಿರುವಾಗ ಅವನು ಮತ್ತೆ ಬಂದು ಕೇಳುತ್ತಾನೆ. ಅರೆಪ್ರಜ್ಞೆಯಲ್ಲಿ ಅವಳು ಆಗಲಿ ಎನ್ನುವುದೇ ಮದುವೆಯ ಸಮ್ಮತಿಯಾಗುತ್ತದೆ. ಅಲ್ಲಿಂದ ಮುಂದಿನದು ಅವಳ ಶುಶ್ರೂಷೆ, ಪಲಾಯನ, ಹಿಂದಿರುಗುವಿಕೆ; ಮತ್ತೆ ಪಲಾಯನ, ಮತ್ತೆ ಹಿಂದಿರುಗುವಿಕೆ.

ಮೈಕೇಲನ ಉಪನಾಮವೇ ಸೂಚಿಸುವಂತೆ ಇದು ಹಳೆಯ ಒಡಂಬಡಿಕೆಯ ಹೋಶೇಯನ ಗ್ರಂಥದ ಮರುಕಥನ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಉತ್ತರ ಇಸ್ರಾಯೇಲಿನ ಪ್ರವಾದಿ ಹೋಶೇಯನು ದೇವರ ಅಪ್ಪಣೆಯಂತೆ ಗೋಮೆರ್ ಎಂಬ ವ್ಯಭಿಚಾರಿಣಿಯನ್ನು ಮದುವೆಯಾಗುತ್ತಾನೆ. ಅನ್ಯದೇವತೆಗಳ ಹಿಂದೆ ಹೋದ ಇಸ್ರಾಯೇಲನ್ನು ದೇವರು ಬಿಟ್ಟುಕೊಡದಿರುವುದಕ್ಕೆ ಆ ದಾಂಪತ್ಯ ಸಂಕೇತವಾಗುತ್ತದೆ.

ಕಾದಂಬರಿಯ ಶಕ್ತಿಯನ್ನು ಒಪ್ಪಿಕೊಳ್ಳದೆ ಆಕ್ಷೇಪಕ್ಕೆ ಇಳಿಯುವುದು ನ್ಯಾಯವಲ್ಲ. ಆರಂಭದ ಬಾಲ್ಯದ ಅಧ್ಯಾಯ ನಿಜಕ್ಕೂ ಗಟ್ಟಿಯಾದದ್ದು. ಅಪ್ಪನ ಬರವಿಗಾಗಿ ಸಿಂಗರಿಸಿಕೊಂಡು ಕಾಯುವ ತಾಯಿ, ತನ್ನನ್ನು ಕಂಡರೆ ಅಪ್ಪನ ಮುಖ ಏಕೆ ಬದಲಾಗುತ್ತದೆಂದು ತಿಳಿಯದೆ ತನ್ನಲ್ಲೇ ತಪ್ಪು ಹುಡುಕುವ ಮಗು, ಇವುಗಳನ್ನು ರಿವರ್ಸ್ ಯಾವ ಉಪದೇಶವನ್ನೂ ಬೆರೆಸದೆ ಬರೆದಿದ್ದಾರೆ. ದೊಡ್ಡವಳಾದ ಏಂಜಲ್‌ಳ ಮರಗಟ್ಟಿದ ಮನಸ್ಸೂ ಅಷ್ಟೇ ನಂಬುವಂತಿದೆ. ಒಳ್ಳೆಯತನ ಎದುರಾದಾಗ ಅವಳಿಗೆ ಮೂಡುವುದು ಕೃತಜ್ಞತೆಯಲ್ಲ, ಅನುಮಾನ. ಈ ಒಳ್ಳೆಯತನಕ್ಕೆ ಕೊನೆಯಲ್ಲಿ ಏನು ಬೆಲೆ ಕೇಳಬಹುದು ಎಂಬ ಲೆಕ್ಕ. ಇನ್ನು ಹೆಸರಿನ ಎಳೆ. ಮೈಯನ್ನು ಮಾರಿಕೊಂಡವಳು ಸಾರಾ ಎಂಬ ತನ್ನ ನಿಜವಾದ ಹೆಸರನ್ನು ಮಾತ್ರ ಯಾರಿಗೂ ಕೊಡದೆ ಇಟ್ಟುಕೊಂಡಿದ್ದಾಳೆ. ಮೈಕೇಲ್ ಅವಳಿಗೆ ಮಾರ, ಅಮಾಂಡ, ತಿರ್ಜಾ ಎಂದು ತನಗೆ ತೋಚಿದ ಹೆಸರುಗಳನ್ನಿಟ್ಟು ಕರೆಯುತ್ತಾನೆ. ಅವಳು ನಿಜವಾದ ಹೆಸರನ್ನು ಹೇಳುವುದು ಕಾದಂಬರಿಯ ಕೊನೆಯಲ್ಲಿ, ತಾನಾಗಿಯೇ. ಇಡೀ ಕೃತಿಯಲ್ಲಿ ಅವಳು ಮಾಡುವ ನಿಜವಾದ ಕೊಡುಗೆ ಇದೊಂದೇ ಎಂದು ನನಗೆ ಅನ್ನಿಸಿದೆ. ಉಳಿದದ್ದೆಲ್ಲ ಅವಳಿಂದ ಪಡೆದದ್ದು.

ನನ್ನ ಮೊದಲ ಆಕ್ಷೇಪ ಪಲಾಯನಗಳನ್ನು ಕುರಿತದ್ದು. ಮೂಲದ ಗೋಮೆರ್ ಬಿಟ್ಟುಹೋಗುವುದು ಪ್ರಿಯಕರರ ಹಿಂದೆ. ರೊಟ್ಟಿ, ನೀರು, ಉಣ್ಣೆ, ಎಣ್ಣೆಗಳನ್ನು ತನಗೆ ಕೊಡುವವರು ಅವರೇ ಎಂದು ಅವಳು ನಂಬುತ್ತಾಳೆ. ಅದು ಬಾಳ್ ದೇವತೆಯ ಆರಾಧನೆಗೆ ಸಂಕೇತ. ಏಂಜಲ್ ಹೋಗುವುದು ಯಾವುದಕ್ಕೆ? ಮೊದಲ ಸಲ ಅವಳು ಹೋಗುವುದು ವೇಶ್ಯಾಗೃಹದ ಒಡತಿಯಿಂದ ತನಗೆ ಬರಬೇಕಾದ ಸಂಪಾದನೆಯನ್ನು ಪಡೆದು, ಕಾಡಿನಂಚಿನಲ್ಲಿ ತನ್ನದೇ ಆದ ಪುಟ್ಟ ಮನೆಯೊಂದನ್ನು ಕಟ್ಟಿಕೊಳ್ಳುವ ಆಸೆಯಿಂದ. ಅಲ್ಲಿ ಆ ಮನೆ ಬೆಂಕಿಗೆ ಆಹುತಿಯಾಗಿದೆ. ಹೊಟ್ಟೆಪಾಡಿಗೆ ಹಳೆಯ ಕಸುಬಿಗೇ ಬೀಳುತ್ತಾಳೆ. ಎರಡನೆಯ ಸಲ ಸ್ಯಾಕ್ರಮೆಂಟೊದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. ಮೂರನೆಯ ಸಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಡುಗೆಯ ಕೆಲಸ. ಮಕ್ಕಳಾಗದಂತೆ ಡ್ಯೂಕ್ ತನ್ನ ದೇಹವನ್ನು ಕೆಡಿಸಿರುವುದರಿಂದ ಮೈಕೇಲ್ ಬೇರೊಬ್ಬಳನ್ನು ಮದುವೆಯಾಗಿ ಮಕ್ಕಳನ್ನು ಪಡೆಯಲಿ ಎಂಬುದು ಈ ಮೂರನೆಯ ಹೊರಡುವಿಕೆಯ ಹಿಂದಿನ ಯೋಚನೆ. ಇವುಗಳಲ್ಲಿ ವ್ಯಭಿಚಾರವೆಂದು ಕರೆಯಬಹುದಾದದ್ದು ಯಾವುದು? ಸ್ವಂತ ದುಡಿಮೆ, ಸ್ವಂತ ಸೂರು, ಇನ್ನೊಬ್ಬರ ಸುಖಕ್ಕಾಗಿ ಮಾಡಿದ ತ್ಯಾಗ. ಆದರೆ ಕಾದಂಬರಿಯ ಚೌಕಟ್ಟು ಹೋಶೇಯನದ್ದಾದ್ದರಿಂದ ಈ ಮೂರೂ ಗೋಮೆರಳ ಪಾಪದ ಅಚ್ಚಿನಲ್ಲೇ ಎರಕವಾಗಬೇಕು. ಸ್ವಾತಂತ್ರ್ಯದ ಬಯಕೆ ಇಲ್ಲಿ ಅಹಂಕಾರವೆಂಬ ಹೆಸರನ್ನು ಪಡೆಯುತ್ತದೆ. ಲೇಖಕಿ ಕಂಡುಂಡು ಚಿತ್ರಿಸಿದ ವಿವರಗಳು ಒಂದು ಮಾತನ್ನು ಹೇಳಿದರೆ ಅವರು ಆಯ್ದುಕೊಂಡ ರೂಪಕ ಇನ್ನೊಂದನ್ನು ಹೇಳುತ್ತದೆ.

ಇಲ್ಲಿ ಜನ್ನನ ಅಮೃತಮತಿ ನೆನಪಾದರೆ ಅಚ್ಚರಿಯಿಲ್ಲ. ‘ಯಶೋಧರ ಚರಿತೆ’ಯೂ ಧಾರ್ಮಿಕ ಉದ್ದೇಶದ ಕಾವ್ಯವೇ, ರೂಪವಂತನಾದ ಅರಸನನ್ನು ಬಿಟ್ಟು ವಿಕಾರರೂಪಿ ಅಷ್ಟಾವಂಕನಿಗೆ ಒಲಿದವಳನ್ನು ಜನ್ನ ನರಕಕ್ಕೆ ಕಳಿಸದೆ ಬಿಡುವುದಿಲ್ಲ. ಆದರೂ ಅವಳು ಹೋದದ್ದು ತನಗೆ ಬೇಕಾದುದಕ್ಕಾಗಿ ಎಂಬುದನ್ನು ಕಾವ್ಯ ಮುಚ್ಚಿಡುವುದಿಲ್ಲ. ಆ ಬಯಕೆಗೆ ವಿವರಣೆ ದೊರೆಯದೆ ಉಳಿದಿದೆ. ಎಂಟುನೂರು ವರ್ಷಗಳಿಂದ ನಾವು ಅದರ ಸುತ್ತ ಸುಳಿಯುತ್ತಿರುವುದೂ ಅದಕ್ಕಾಗಿಯೇ. ರಿವರ್ಸ್ ಅವರ ನಾಯಕಿಗೆ ಬಯಕೆಯೇ ಇಲ್ಲ, ಗಾಯಗಳು ಮಾತ್ರ ಇವೆ. ಅವಳ ಪ್ರತಿಯೊಂದು ನಡೆಗೂ ಬಾಲ್ಯದಲ್ಲೊಂದು ಕಾರಣ ಸಿದ್ಧವಾಗಿದೆ. ಆದ್ದರಿಂದ ಅವಳ ‘ಇಲ್ಲ’ ಎಂಬ ಮಾತು ಎಂದಿಗೂ ಇಲ್ಲ ಎಂದಾಗುವುದಿಲ್ಲ. ಅದು ರೋಗದ ಲಕ್ಷಣವಾಗುತ್ತದೆ. ರೋಗಿಯ ಮಾತನ್ನು ವೈದ್ಯ ಕೇಳಬೇಕಾಗಿಲ್ಲವಲ್ಲ!

ಎರಡನೆಯ ಆಕ್ಷೇಪ ಹೋಶೇಯನ ಗ್ರಂಥವನ್ನು ಕಾದಂಬರಿ ಓದಿಕೊಂಡ ಬಗೆಗೆ. ಆ ಗ್ರಂಥದಲ್ಲಿ ಗೋಮೆರ್ ಸ್ವತಃ ಎದುರು ನಿಂತು ಒಂದು ಮಾತನ್ನೂ ಆಡುವುದಿಲ್ಲ; ಅವಳ ಮಾತುಗಳೆಂದು ಬರುವುದು ಅವಳ ಮೇಲೆ ಆರೋಪ ಹೊರಿಸುವವನ ಬಾಯಿಂದ. ಎರಡನೆಯ ಅಧ್ಯಾಯದಲ್ಲಿ ಅವಳನ್ನು ಬೆತ್ತಲೆ ಮಾಡುವ, ದಾರಿಗೆ ಮುಳ್ಳುಬೇಲಿ ಹಾಕುವ ಬೆದರಿಕೆಗಳಿವೆ. ರೆನಿಟಾ ವೀಮ್ಸ್ ಅವರು ‘ಬ್ಯಾಟರ್ಡ್ ಲವ್’ (೧೯೯೫) ಎಂಬ ಅಧ್ಯಯನದಲ್ಲಿ ಪ್ರವಾದಿಗಳ ಈ ದಾಂಪತ್ಯದ ರೂಪಕವೇ ಹೆಂಡತಿಯ ಮೇಲಿನ ಹಿಂಸೆಯನ್ನು ಸಹಜವೆಂಬಂತೆ ಕಾಣಿಸುವ ಅಪಾಯವನ್ನು ವಿವರವಾಗಿ ಎತ್ತಿ ತೋರಿಸಿದ್ದಾರೆ. ಅವರು ಆಫ್ರಿಕನ್ ಅಮೆರಿಕನ್ ವಿದ್ವಾಂಸೆ, ಚರ್ಚಿನೊಳಗಿನವರು. ಅವರದು ಹೊರಗಿನವರ ಟೀಕೆಯಲ್ಲ. ಆದರೆ ಇದೇ ಅಧ್ಯಾಯದಲ್ಲಿ ಬೇರೊಂದು ಸ್ವರವೂ ಇದೆ. ಆ ದಿನ ನೀನು ನನ್ನನ್ನು ‘ಈಶಿ’ ಎಂದು ಕರೆಯುವೆ, ಇನ್ನು ಮೇಲೆ ‘ಬಾಅಲಿ’ ಎಂದು ಕರೆಯುವುದಿಲ್ಲ ಎಂಬರ್ಥದ ಮಾತು ದೇವರ ಬಾಯಲ್ಲಿ ಬರುತ್ತದೆ. ಹೀಬ್ರೂವಿನಲ್ಲಿ ‘ಈಶಿ’ ಎಂದರೆ ನನ್ನ ಪುರುಷ, ನನ್ನ ಗಂಡ. ‘ಬಾಅಲಿ’ ಎಂದರೂ ಗಂಡನೇ, ಆದರೆ ಒಡೆಯನೆಂಬ ಅರ್ಥದಲ್ಲಿ. ಬಾಳ್ ದೇವತೆಯ ಹೆಸರೂ ಆ ಪದವೇ ಆದ್ದರಿಂದ ಅದನ್ನು ತೊರೆಯಬೇಕೆಂಬುದು ವಾಚ್ಯಾರ್ಥ. ಆದರೂ ಪದಗಳ ಆಯ್ಕೆಯಲ್ಲಿ ಇನ್ನೊಂದು ಅರ್ಥವೂ ತಾನಾಗಿ ಹೊಳೆಯುತ್ತದೆ. ‘ನಮ್ಮ ಯಜಮಾನರು’ ಎಂದು ಗಂಡನನ್ನು ಇಂದಿಗೂ ಹೇಳುವ ನಮ್ಮ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರಾಚೀನ ಪಠ್ಯ ತನ್ನೊಳಗೇ ಇಟ್ಟುಕೊಂಡಿರುವ ಈ ಬಿರುಕನ್ನು ಕಾದಂಬರಿಕಾರ್ತಿ ಬಳಸಿಕೊಳ್ಳಬಹುದಿತ್ತು. ಒಡೆಯನಾಗಿ ಬಂದವನು ಗಂಡನಾಗುವುದನ್ನು ಕಲಿಯುವ ಕಥೆ ಅಲ್ಲಿತ್ತು. ಅವರು ಬರೆದದ್ದು, ಓಡಿಹೋದವಳು ಒಡೆಯನನ್ನು ಗಂಡನೆಂದು ಒಪ್ಪಿಕೊಳ್ಳುವುದನ್ನು ಕಲಿಯುವ ಕಥೆಯನ್ನು. ಮೈಕೇಲ್ ಏನನ್ನೂ ಕಲಿಯುವುದಿಲ್ಲ ಎಂದರೆ ತಪ್ಪಾದೀತು. ಕೋಪವನ್ನು ನುಂಗುವುದನ್ನು, ಕಾಯುವುದನ್ನು ಕಲಿಯುತ್ತಾನೆ. ತಾನು ಅವಳನ್ನು ಆರಿಸಿದ್ದು ಸರಿಯೋ ಎಂಬ ಪ್ರಶ್ನೆ ಮಾತ್ರ ಅವನನ್ನು ಬಹಳ ಹೊತ್ತು ಕಾಡುವುದಿಲ್ಲ. ಏಕೆಂದರೆ ಆಯ್ಕೆ ಅವನದಲ್ಲ, ದೇವರದ್ದು. ಕಾದಂಬರಿಯಲ್ಲಿ ದೇವರ ಮಾತು ಬಂದಾಗ ಅಕ್ಷರವಿನ್ಯಾಸವೇ ಬದಲಾಗುತ್ತದೆ. ಓದುಗ ಸಂಶಯಿಸುವ ಅವಕಾಶವನ್ನು ಹೀಗೆ ಅಚ್ಚಿನ ಮೊಳೆಯಿಂದಲೇ ಕಿತ್ತುಕೊಳ್ಳುವುದನ್ನು ನಾನು ಬೇರೆಲ್ಲೂ ಇಷ್ಟು ನೇರವಾಗಿ ಕಂಡಿಲ್ಲ.

ಶೀರ್ಷಿಕೆಯ ‘ರಿಡೀಮ್’ ಎಂಬ ಪದವನ್ನು ಕುರಿತು ಒಂದಿಷ್ಟು ಯೋಚಿಸಬೇಕು. ಕನ್ನಡ ಸತ್ಯವೇದದ ಪರಂಪರೆ ಇದಕ್ಕೆ ‘ವಿಮೋಚನೆ’ ಎನ್ನುತ್ತದೆ. ಆ ಸಂಸ್ಕೃತ ಪದದಲ್ಲಿ ಬಿಡುಗಡೆಯಷ್ಟೇ ಕೇಳಿಸುತ್ತದೆ. ಇಂಗ್ಲಿಷ್ ಪದದಲ್ಲಿ ಬೆಲೆ ತೆತ್ತು ಮರಳಿ ಪಡೆಯುವುದು ಎಂಬ ವ್ಯವಹಾರದ ಅರ್ಥ ಜೀವಂತವಾಗಿದೆ. ಹೋಶೇಯನ ಮೂರನೆಯ ಅಧ್ಯಾಯದಲ್ಲಿ ಪ್ರವಾದಿ ಹೆಣ್ಣೊಬ್ಬಳನ್ನು ಹದಿನೈದು ಬೆಳ್ಳಿಯ ತೂಕಕ್ಕೂ ಒಂದೂವರೆ ಹೋಮೆರ್ ಜವೆಗೋಧಿಗೂ ಕೊಂಡುಕೊಳ್ಳುತ್ತಾನೆ. ಆ ಹೆಣ್ಣಿಗೆ ಅಲ್ಲಿ ಹೆಸರಿಲ್ಲದ್ದರಿಂದ ಅವಳು ಗೋಮೆರಳೇ ಅಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈ ಅರ್ಥಕ್ಕೆ ಹತ್ತಿರವಾದ ಕನ್ನಡ ಮಾತು ‘ಬಿಡಿಸಿಕೊಳ್ಳುವುದು’. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬಂದೆವು ಎನ್ನುತ್ತೇವೆ. ಒಡವೆ ಸಾಹುಕಾರನಿಂದ ಬಿಡುಗಡೆಯಾಯಿತು, ನಿಜ; ಆದರೆ ಮನೆಗೆ ಬಂದು ಪೆಟ್ಟಿಗೆಯೊಳಗೇ ಸೇರಿತು. ಒಡವೆಗೆ ಕೈ ಬದಲಾಯಿತೇ ಹೊರತು ಅದು ತನ್ನದಾಗಲಿಲ್ಲ. ಏಂಜಲ್‌ಳ ಕಥೆಯನ್ನು ಓದುತ್ತ ನನಗೆ ಮತ್ತೆ ಮತ್ತೆ ಕಾಡಿದ ಚಿತ್ರ ಇದು.

ಈ ‘ಒತ್ತೆ’ಯ ಭಾಷೆಯನ್ನು ಭಕ್ತಿಗೆ ಬಳಸಿದವರು ನಮ್ಮಲ್ಲೂ ಇದ್ದಾರೆ. ಸೂಳೆ ಸಂಕವ್ವೆಯದ್ದೆಂದು ದೊರೆತಿರುವುದು ಒಂದೇ ಒಂದು ವಚನ; ಅಂಕಿತ ನಿರ್ಲಜ್ಜೇಶ್ವರ. ಒಬ್ಬನಿಂದ ಒತ್ತೆಯನ್ನು ಹಿಡಿದಿರುವಾಗ ಇನ್ನೊಬ್ಬನಿಂದ ಹಿಡಿಯಬಾರದೆಂಬುದು ಅವಳ ಕಸುಬಿನ ಕಟ್ಟಳೆ. ಆ ಕಟ್ಟಳೆಯನ್ನೇ ಅವಳು ತನ್ನ ನಿಷ್ಠೆಗೆ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾಳೆ. ಅವಳನ್ನು ಯಾರೋ ಬಂದು ಎತ್ತಿಕೊಂಡು ಹೋಗಬೇಕಾಗಿಲ್ಲ. ಕಸುಬಿನ ಹೆಸರನ್ನು ತೊಳೆದುಕೊಂಡ ಮೇಲೆಯೇ ಮಾತು ಎಂಬ ಷರತ್ತೂ ಇಲ್ಲ. ಪರಂಪರೆ ಆ ಹೆಸರಿನೊಡನೆಯೇ ಅವಳನ್ನು ಉಳಿಸಿಕೊಂಡು ಬಂದಿದೆ. ಹನ್ನೆರಡನೆಯ ಶತಮಾನದ ಸಮಾಜ ಹೆಣ್ಣಿಗೆ ಉದಾರವಾಗಿತ್ತೆಂದು ಇದರಿಂದ ತೀರ್ಮಾನಿಸಲು ನಾನು ಹೊರಟಿಲ್ಲ. ಒಂದು ವಚನದ ಮೇಲೆ ಅಷ್ಟು ಭಾರ ಹೊರಿಸುವ ಚಾಳಿ ನಮ್ಮ ಸಂಶೋಧನೆಗೆ ಈಗಾಗಲೇ ಸಾಕಷ್ಟು ಹಾನಿ ಮಾಡಿದೆ. ನಾನು ಹೇಳುತ್ತಿರುವುದು ಮಾತಿನ ಜಾಗವನ್ನು ಕುರಿತು. ಸಂಕವ್ವೆಯ ಕಸುಬು ಅವಳಿಗೆ ಒಂದು ಅರಿವನ್ನು ಕೊಟ್ಟಿದೆ. ಏಂಜಲ್‌ಳ ಕಸುಬು ಅವಳಿಗೆ ಕೊಟ್ಟದ್ದು ಕೊಳೆಯನ್ನು ಮಾತ್ರ. ಗಂಡಸರನ್ನು ಕುರಿತು, ಹಣವನ್ನು ಕುರಿತು, ಭಕ್ತರ ಸೋಗನ್ನು ಕುರಿತು ಅವಳಿಗೆ ತಿಳಿದಿರುವುದೆಲ್ಲ ಅವಳು ಮರೆಯಬೇಕಾದ ಪಾಠ. ಅವಳ ತಿಳಿವಳಿಕೆ ಸುಳ್ಳಲ್ಲವೆಂಬುದಕ್ಕೆ ಕಾದಂಬರಿಯೊಳಗೇ ಸಾಕ್ಷಿಯಿದೆ. ಮೈಕೇಲನ ತೀರಿಹೋದ ತಂಗಿಯ ಗಂಡ ಪಾಲ್, ಏಂಜಲ್ ಮೊದಲ ಬಾರಿ ಓಡಿಹೋಗುವಾಗ ಗಾಡಿಯಲ್ಲಿ ಕರೆದೊಯ್ದದ್ದಕ್ಕೆ ಅವಳ ದೇಹವನ್ನೇ ಬಾಡಿಗೆಯಾಗಿ ವಸೂಲು ಮಾಡುತ್ತಾನೆ. ಮುಂದೆ ಅವನು ಪಶ್ಚಾತ್ತಾಪಪಡುತ್ತಾನೆ, ಸುಶೀಲೆಯಾದ ಮಿರಿಯಂಳನ್ನು ಮದುವೆಯಾಗುತ್ತಾನೆ, ಏಂಜಲ್‌ಳನ್ನು ಹುಡುಕಿ ತರುವ ಪುಣ್ಯದ ಕೆಲಸವೂ ಅವನ ಪಾಲಿಗೇ ಬರುತ್ತದೆ. ಅವನು ಪಾಪದಿಂದ ಮನೆಗೆ ನಡೆದುಬಂದ ದಾರಿ ಎಷ್ಟು ಹತ್ತಿರದ್ದು! ಅವಳದ್ದು ಎಷ್ಟು ದೂರದ್ದು! ಇಬ್ಬರ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕ್ಷಮೆಯ ಈ ಲೆಕ್ಕಾಚಾರ ನನ್ನ ಗೆಳತಿಗೂ ಸರಿಬಂದಿಲ್ಲ.

ಕೊನೆಯ ಭಾಗಕ್ಕೆ ಬರೋಣ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಂಜಲ್ ಮತ್ತೆ ಡ್ಯೂಕನ ಕೈಗೆ ಸಿಕ್ಕಿ, ಈ ಬಾರಿ ಎಲ್ಲರೆದುರು ಅವನನ್ನು ಬಯಲಿಗೆಳೆದು ಪಾರಾಗುತ್ತಾಳೆ. ಅವನ ಬಲೆಯಲ್ಲಿದ್ದ ಬಾಲಕಿಯರೂ ಪಾರಾಗುತ್ತಾರೆ. ಒಬ್ಬ ಬ್ಯಾಂಕ್ ಮಾಲೀಕನ ಕುಟುಂಬದ ನೆರವಿನಿಂದ, ಈ ಕಸುಬಿನಿಂದ ಹೊರಬರಲು ಬಯಸುವ ಹೆಣ್ಣುಮಕ್ಕಳಿಗಾಗಿ ಮಗ್ದಲೇನಳ ಹೆಸರಿನಲ್ಲಿ ಒಂದು ಮನೆಯನ್ನು ಕಟ್ಟುತ್ತಾಳೆ. ಅಡುಗೆ, ಹೊಲಿಗೆ ಕಲಿಸುತ್ತಾಳೆ. ಮೂರು ವರ್ಷ. ಗಂಡನಿಲ್ಲದೆ, ಯಾರ ಆಶ್ರಯದ ಹಂಗೂ ಇಲ್ಲದೆ ಅವಳು ದೇವರನ್ನು ಕಂಡುಕೊಳ್ಳುವುದೂ ಈ ಅವಧಿಯಲ್ಲೇ. ಅಂದರೆ ವಿಮೋಚನೆ ಎಂಬ ಮಾತಿಗೆ ಕಾದಂಬರಿಯಲ್ಲಿ ಯಾವುದಾದರೂ ಘಟನೆ ಅರ್ಹವಾಗಿದ್ದರೆ ಅದು ಇದೇ. ಮೈಕೇಲನ ಗುಡಿಸಲಿನ ವಾರಗಳಿಗೆ ನೂರಾರು ಪುಟ ಕೊಟ್ಟ ಲೇಖಕಿ ಈ ಮೂರು ವರ್ಷಗಳನ್ನು ಕೆಲವೇ ಪುಟಗಳಲ್ಲಿ ಓಡಿಸಿಬಿಡುತ್ತಾರೆ. ಇದು ಬರಿಯ ಕಥನತಂತ್ರದ ದೋಷವಲ್ಲ. ಪ್ರಣಯ ಕಾದಂಬರಿಗೆ ನಾಯಕನಿಲ್ಲದ ಕಾಲ ಕಾಲವೇ ಅಲ್ಲ. ಪ್ರಕಾರದ ಕರಾರು ಇಲ್ಲಿ ದೇವತಾಶಾಸ್ತ್ರವನ್ನೂ ಸೋಲಿಸಿದೆ.

ಆಮೇಲೆ ಅವಳು ಹಿಂದಿರುಗುತ್ತಾಳೆ. ಹೊಲದಲ್ಲಿರುವ ಮೈಕೇಲನೆಡೆಗೆ ನಡೆಯುತ್ತ ಒಂದೊಂದೇ ಉಡುಪನ್ನು ಕಳಚುತ್ತಾಳೆ. ಅವನ ಕಾಲಬುಡದಲ್ಲಿ ಮಂಡಿಯೂರಿ ಕಣ್ಣೀರಿನಿಂದ ಅವನ ಬೂಟುಗಳನ್ನು ತೋಯಿಸಿ, ಕೂದಲಿನಿಂದ ಒರೆಸುತ್ತಾಳೆ. ಲೂಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಭಂಗಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಅಲ್ಲಿ ಪಾಪಿಯೆನಿಸಿಕೊಂಡ ಹೆಣ್ಣು ಹೀಗೆ ಮಾಡುವುದು ಯೇಸುವಿನ ಪಾದಗಳಿಗೆ. ಯೇಸು ಅವಳ ಪರವಾಗಿ ಮಾತಾಡುವುದು ಅವಳನ್ನು ಹಳಿಯುತ್ತಿದ್ದ ಗೃಹಸ್ಥನ ಎದುರಿಗೆ. ಕಾದಂಬರಿಯಲ್ಲಿ ಆ ಪಾದಗಳು ಗೃಹಸ್ಥನವೇ ಆಗಿವೆ. ಮೈಕೇಲ್ ಅವಳನ್ನು ಎಬ್ಬಿಸಿ ತನ್ನ ಅಂಗಿಯನ್ನು ಹೊದಿಸುತ್ತಾನೆ, ನಿಜ. ಆದರೆ ಅವಳು ಬಾಗಿದ್ದಾಯಿತಲ್ಲ. ಶರಣಸತಿ ಲಿಂಗಪತಿ ಎನ್ನುವಾಗ ಲೋಕದ ಗಂಡಂದಿರೆಲ್ಲ ಆ ಜಾಗವನ್ನು ತೆರವು ಮಾಡಬೇಕಾಗುತ್ತದೆ. ಕೌಶಿಕನನ್ನು ಬಿಟ್ಟುಹೊರಟ ಅಕ್ಕನ ಕಥೆ ನಮಗೆ ಕಲಿಸಿದ್ದು ಅದನ್ನು. ಇಲ್ಲಿ ಲೋಕದ ಗಂಡ ದೇವರ ಜಾಗದಲ್ಲಿ ನಿಂತು ದೇವರಿಗೆ ಸಲ್ಲಬೇಕಾದದ್ದನ್ನು ಪಡೆಯುತ್ತಾನೆ. ಕ್ರೈಸ್ತ ಶ್ರದ್ಧೆಯ ದೃಷ್ಟಿಯಿಂದಲೇ ನೋಡಿದರೂ ಇದು ಸಣ್ಣ ತೊಡಕಲ್ಲ. ಕಡೆಗೆ ಬಂಜೆತನವೂ ನೀಗಿ ಅವಳಿಗೆ ಮಕ್ಕಳಾಗುತ್ತವೆ. ಅಬ್ರಹಾಮನ ಹೆಂಡತಿ ಸಾರಾಳ ಹೆಸರಿಟ್ಟಾಗಲೇ ಇದನ್ನು ನಾವು ಊಹಿಸಬೇಕಿತ್ತು. ಮಕ್ಕಳಿಲ್ಲದೆಯೇ ಅವಳ ಬದುಕು ಪೂರ್ಣವಾಗಬಹುದಿತ್ತೆಂದು ಒಪ್ಪುವ ಧೈರ್ಯ ಕಾದಂಬರಿಗೆ ಬರಲಿಲ್ಲ.

ಹಿನ್ನೆಲೆಯ ಇತಿಹಾಸದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ೧೮೪೮ರ ಜನವರಿಯಲ್ಲಿ ಸಟ್ಟರ್ಸ್ ಮಿಲ್‌ನಲ್ಲಿ ಚಿನ್ನ ಕಂಡ ಬಳಿಕ ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷದಿಂದ ೧೮೭೦ರ ಹೊತ್ತಿಗೆ ಸುಮಾರು ಮೂವತ್ತು ಸಾವಿರಕ್ಕೆ ಇಳಿಯಿತೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಮೈಕೇಲನ ಹೊಲ ಈ ನೆಲದ ಮೇಲೆಯೇ ಇದೆ; ಆದರೆ ಕಾದಂಬರಿಯ ಕಣಿವೆ ಈಗತಾನೇ ಸೃಷ್ಟಿಯಾದ ಏದೆನ್ ತೋಟದಂತೆ ಖಾಲಿಯಾಗಿದೆ. ವೇಶ್ಯಾಗೃಹದಲ್ಲಿದ್ದ ಮೈ ಲಿಂಗ್ ಎಂಬ ಚೀನೀ ಹುಡುಗಿ ಬೆಂಕಿಯಲ್ಲಿ ಸುಟ್ಟುಹೋದದ್ದು ನಮಗೆ ತಿಳಿಯುವುದು ಒಂದು ಸುದ್ದಿಯಾಗಿ ಮಾತ್ರ. ಅವಳನ್ನು ಬಿಡಿಸಿ ತರಲು ಯಾರಿಗೂ ಅಪ್ಪಣೆಯಾಗಿರಲಿಲ್ಲ. ಇದು ರಿವರ್ಸ್ ಒಬ್ಬರ ಕುರುಡಲ್ಲ, ಪ್ರಕಾರದ್ದೇ ಅಭ್ಯಾಸ. ಕೇಟ್ ಬ್ರೆಸ್ಲಿನ್ ಅವರ ‘ಫಾರ್ ಸಚ್ ಎ ಟೈಮ್’ (೨೦೧೪) ಎಸ್ತೇರಳ ಕಥೆಯನ್ನು ನಾಜಿಗಳ ತೆರೇಜಿಯನ್‌ಸ್ಟಾಟ್ ಶಿಬಿರಕ್ಕೆ ಒಯ್ದು, ಯೆಹೂದಿ ಹುಡುಗಿ ಮತ್ತು ಶಿಬಿರದ ಎಸ್.ಎಸ್. ಅಧಿಕಾರಿಯ ನಡುವೆ ಪ್ರಣಯ ಬೆಳೆಸಿತು. ೨೦೧೫ರಲ್ಲಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಅದು ಬಂದಾಗ ತೀವ್ರ ಪ್ರತಿಭಟನೆ ವ್ಯಕ್ತವಾಯಿತು. ಕೇರನ್ ವಿಟೆಮೈಯರ್ ಅವರ ‘ಆ್ಯಟ್ ಲವ್ಸ್ ಕಮಾಂಡ್’ ೧೮೯೦ರ ವೂಂ‍ಡೆಡ್ ನೀ ಹತ್ಯಾಕಾಂಡದಲ್ಲಿ ಪಾಲ್ಗೊಂಡ ಸೈನಿಕನ ಪಶ್ಚಾತ್ತಾಪದಿಂದ ಆರಂಭವಾಗುತ್ತದೆ; ಅಮೆರಿಕದ ಪ್ರಣಯ ಲೇಖಕರ ಸಂಘ ೨೦೨೧ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟು, ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸತ್ತವರು ಬಂದು ಕ್ಷಮಿಸಲಾರರು. ಅವರ ಪರವಾಗಿ ದೇವರೇ ಕ್ಷಮಿಸಿದನೆಂದರೆ ನಾಯಕ ಮದುವೆಗೆ ಅರ್ಹನಾಗುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೂ ಓದುಗರ ಪ್ರಶ್ನೆ ಉಳಿಯುತ್ತದೆ. ಜಾನಿಸ್ ರಾಡ್ವೇ ಅವರ ‘ರೀಡಿಂಗ್ ದ ರೊಮಾನ್ಸ್’ (೧೯೮೪) ಪ್ರಕಟವಾದಂದಿನಿಂದ, ಪ್ರಣಯ ಕಾದಂಬರಿಗಳ ಓದುಗಿತ್ತಿಯರನ್ನು ಮೋಸಹೋದವರೆಂದು ಕಡೆಗಣಿಸುವುದು ಸುಲಭವಾಗಿ ಉಳಿದಿಲ್ಲ. ಲಿನ್ ನೀಲ್ ಅವರು ‘ರೊಮಾನ್ಸಿಂಗ್ ಗಾಡ್’ (೨೦೦೬) ಎಂಬ ಅಧ್ಯಯನದಲ್ಲಿ ಇವ್ಯಾಂಜಲಿಕಲ್ ಓದುಗಿತ್ತಿಯರನ್ನೇ ಮಾತಾಡಿಸಿ, ಅವರಿಗೆ ಈ ಓದು ಭಕ್ತಿಯ ಒಂದು ಅಭ್ಯಾಸವೇ ಆಗಿರುವುದನ್ನು ತೋರಿಸಿದ್ದಾರೆ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರ ಓದುಗರನ್ನು ಹೀಗೆ ಮಾತಾಡಿಸಿದ ಅಧ್ಯಯನಗಳು ನಮ್ಮಲ್ಲಿ ಇನ್ನೂ ಹೆಚ್ಚಬೇಕು.

ನನ್ನ ಗೆಳತಿಯ ವಾದ ಇಷ್ಟು: “ನೀವು ಮೈಕೇಲನನ್ನು ಗಂಡ ಅಂತ ಓದ್ತೀರಿ, ಅದಕ್ಕೇ ನಿಮಗೆ ಸಿಟ್ಟು. ನಾನು ಅವನನ್ನು ದೇವರು ಅಂತ ಓದ್ತೀನಿ. ನಾನು ಎಷ್ಟು ಸಲ ಓಡಿಹೋದರೂ ಹುಡುಕಿಕೊಂಡು ಬರುವವನು ಒಬ್ಬನಿದ್ದಾನೆ ಅಂತ.” ಇದಕ್ಕೆ ನಾನು ಕೊಟ್ಟ ಉತ್ತರ, ಹಾಗಾದರೆ ಕಾದಂಬರಿ ಅವನಿಗೆ ಮದುವೆ ಮಾಡಿಸಬಾರದಿತ್ತು ಎಂಬುದು. ಉತ್ತರ ಚುರುಕಾಗಿತ್ತೇ ಹೊರತು ಸಾಕಾಗುವಂತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವರು ಹೇಳಿದಂತೆ ಓದುವುದು ಸಾಧ್ಯ. ಲಕ್ಷಾಂತರ ಜನ ಹಾಗೆಯೇ ಓದಿದ್ದಾರೆ. ಆದರೆ ಹಾಗೆ ಓದಲು ಮೈಕೇಲನ ಮೈಯನ್ನು, ಅವನ ಹೊಲವನ್ನು, ಅವನು ಅವಳ ಒಪ್ಪಿಗೆ ಪಡೆದ ಗಳಿಗೆಯನ್ನು ಮರೆಯಬೇಕಾಗುತ್ತದೆ. ಕಾದಂಬರಿ ಎಂಬ ಪ್ರಕಾರ ಬದುಕುವುದೇ ಇಂಥ ವಿವರಗಳಿಂದ. ಅವುಗಳನ್ನು ಮರೆಸಿ ಓದಿಸಿಕೊಳ್ಳುವ ಕಾದಂಬರಿ ದೃಷ್ಟಾಂತಕಥೆಯಾಗಿ ಗೆದ್ದಿರಬಹುದು.

ಅವರ ಪ್ರತಿಯನ್ನು ಹಿಂದಿರುಗಿಸುವ ಮೊದಲು, ಪೆನ್ಸಿಲಿನಲ್ಲಿ ಅವರು ಎಲ್ಲೆಲ್ಲಿ ಗೆರೆ ಎಳೆದಿದ್ದಾರೆಂದು ನೋಡಿದೆ. ಮೈಕೇಲನ ದೀರ್ಘ ಮಾತುಗಳ ಪಕ್ಕದಲ್ಲಿ ಒಂದೆರಡು ಗುರುತುಗಳಿದ್ದವು. ಹೆಚ್ಚಿನವು ಇದ್ದದ್ದು ಬಾಲ್ಯದ ಅಧ್ಯಾಯದಲ್ಲಿ, ಮತ್ತು ಅವಳು ಕೊನೆಗೆ ತನ್ನ ಹೆಸರನ್ನು ಹೇಳುವ ಪುಟದಲ್ಲಿ. ಆ ಹೆಸರಿನ ಕೆಳಗೆ ಗೆರೆ ಎರಡು ಬಾರಿ ಬಿದ್ದಿತ್ತು.